ಐದು ಬೆರಳು ಸಮ ಇರುತ್ತಾ? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಹಾಸ್ಟೆಲಿನಲ್ಲಿ ನಿನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ಆಗಲಿಲ್ಲ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. "ಐದು ಬೆರಳು ಸಮ ಇರುತ್ತಾ? ಮನುಷ್ಯರೂ ಅಷ್ಟೇ. ಸಮಾನತೆ ಅನ್ನೋದೆಲ್ಲ ಭಾಷಣಕ್ಕೆ ಚೆಂದ" ಅಂದಳು ಅಂದೆಯಲ್ಲ. ವಾಯ್ಸ್ ಮೆಸೇಜ್ ಕಳಿಸೋಣ ಅನ್ನಿಸಿತು, ಆದರೆ ನಾನು ಶುರು ಮಾಡಿದರೆ ನಿಲ್ಲಿಸುವುದಿಲ್ಲ ಅಂತ ನಿನಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬಸ್ಸಿನಲ್ಲಿ ಕೂತಾಗ ಓದು.

ನಿನ್ನ ಗೆಳತಿ ಹೇಳಿದ್ದು ಸುಳ್ಳೇನಲ್ಲ. ಬೆರಳು ಸಮ ಇರುವುದಿಲ್ಲ. ಒಬ್ಬಳಿಗೆ ಲೆಕ್ಕ ಬೇಗ ಹತ್ತುತ್ತದೆ, ಇನ್ನೊಬ್ಬಳಿಗೆ ಹಾಡು. ಇಷ್ಟು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳಿಗೆ ಇದು ಗೊತ್ತಿಲ್ಲವೇ. ಆದರೆ ಆ ಗಾದೆಯನ್ನು ಯಾರು ಹೇಳುತ್ತಾರೆ ಅಂತ ಒಮ್ಮೆ ಗಮನಿಸು. ಹೆಬ್ಬೆರಳೇ ಜಾಸ್ತಿ ಹೇಳುವುದು. ಕಿರುಬೆರಳು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಫ್ರಾನ್ಸಿನ ದಿಜೋನ್ ಊರಿನ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತ್ತು. ಮನುಷ್ಯರ ನಡುವೆ ಅಸಮಾನತೆ ಹುಟ್ಟಿದ್ದು ಹೇಗೆ ಅನ್ನುವುದೇ ವಿಷಯ. ಅದಕ್ಕೆ ತತ್ವಜ್ಞಾನಿ ರೂಸೋ ಬರೆದದ್ದು 1755ರಲ್ಲಿ ಅಚ್ಚಾಯಿತು. (ಬಹುಮಾನ ಬೇರೆಯವರಿಗೆ ಹೋಯಿತು, ಅದು ಬಿಡು.) ಅವನು ಮೊದಲಿಗೇ ಎರಡನ್ನು ಬೇರೆ ಬೇರೆ ಮಾಡಿ ಇಟ್ಟ. ವಯಸ್ಸು, ಆರೋಗ್ಯ, ಮೈಬಲ, ಬುದ್ಧಿ, ಇವುಗಳಲ್ಲಿನ ವ್ಯತ್ಯಾಸ ಒಂದು ಬಗೆ. ಹಣ, ಮರ್ಯಾದೆ, ಅಧಿಕಾರ ಕೆಲವರ ಕೈಯಲ್ಲೇ ಇರುವುದು ಇನ್ನೊಂದು ಬಗೆ, ಅದು ಮನುಷ್ಯರೇ ಒಪ್ಪಿಕೊಂಡು ನಡೆಸುತ್ತಿರುವುದು. ಹಾಗಾದರೆ ಅಧಿಕಾರದಲ್ಲಿ ಇರುವವರೇ ನಿಜಕ್ಕೂ ಹೆಚ್ಚು ಯೋಗ್ಯರಾ ಅಂತ ಕೇಳಿದರೆ, ಅದೆಲ್ಲ ಗುಲಾಮರು ತಮ್ಮ ಯಜಮಾನರಿಗೆ ಕೇಳಿಸುವ ಹಾಗೆ ಚರ್ಚೆ ಮಾಡಬೇಕಾದ ಪ್ರಶ್ನೆ ಅಂತ ತಳ್ಳಿಹಾಕಿದ. ಆ ಮಾತಿನ ಹರಿತ ನನಗೆ ತುಂಬಾ ಇಷ್ಟ.

ಇದೇ ರೂಸೋ ಏಳು ವರ್ಷ ಬಿಟ್ಟು ಮಕ್ಕಳ ಶಿಕ್ಷಣದ ಬಗ್ಗೆ ಬರೆದ. ಹುಡುಗ ಸ್ವತಂತ್ರವಾಗಿ ಯೋಚಿಸುವ ಹಾಗೆ ಬೆಳೆಯಬೇಕಂತೆ. ಹುಡುಗಿ ಗಂಡಸರಿಗೆ ಮೆಚ್ಚುಗೆ ಆಗುವ ಹಾಗೆ ಬೆಳೆದರೆ ಸಾಕಂತೆ. ಲೋಕದ ಅಸಮಾನತೆಯನ್ನೆಲ್ಲ ಜಾಲಾಡಿದವನಿಗೆ ತನ್ನ ಅಡಿಗೆಮನೆಯ ಬಾಗಿಲು ಕಾಣಲಿಲ್ಲ. 1792ರಲ್ಲಿ ಇಂಗ್ಲೆಂಡಿನ ಲೇಖಕಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಇದಕ್ಕೆ ಸರಿಯಾಗಿ ಜಾಡಿಸಿ ಬರೆದಳು. ರೂಸೋನ ಈ ಕಥೆಯನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೋ, ಮುಂದೆ ಬೇಕಾಗುತ್ತದೆ.

ಈಗ ಬೆರಳಿನ ಮಾತಿಗೆ ನೇರ ಉತ್ತರ. ಅದು ಅಂಬೇಡ್ಕರ್ ಅವರಲ್ಲಿದೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಭಾಷಣಕ್ಕೆ ಕರೆಯಿತು. ಜಾತಿ ಒಡೆಯಬೇಕು ಅಂತಲೇ ಕಟ್ಟಿದ ಸಂಘ ಅದು. ಭಾಷಣದ ಪ್ರತಿ ಮೊದಲೇ ಓದಿ ನೋಡಿದರು, ಹೆದರಿದರು, ಕೆಲವು ಮಾತು ತೆಗೆಯಿರಿ ಅಂದರು. ಇವರು ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂದರು. ಸಮ್ಮೇಳನವೇ ನಡೆಯಲಿಲ್ಲ. ಅಂಬೇಡ್ಕರ್ ಅದನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಕನ್ನಡದಲ್ಲಿ 'ಜಾತಿ ವಿನಾಶ' ಅಂತ ಸಿಗುತ್ತದೆ, ಸಣ್ಣ ಪುಸ್ತಕ, ಎರಡು ಸಂಜೆಯ ಓದು.

ಅದರಲ್ಲಿ ಅವರು ನಿನ್ನ ಗೆಳತಿಯ ಮಾತನ್ನು ಮೊದಲು ಒಪ್ಪಿಕೊಳ್ಳುತ್ತಾರೆ. ಮನುಷ್ಯರು ಸಮ ಇಲ್ಲ, ನಿಜ. ಒಬ್ಬನ ಶಕ್ತಿ ಮೂರು ಕಡೆಯಿಂದ ಬರುತ್ತದೆ. ಹುಟ್ಟಿನಿಂದ ಬಂದ ಮೈ, ಅಪ್ಪ ಅಮ್ಮ ಮತ್ತು ಸಮಾಜ ಕೊಟ್ಟ ಆರೈಕೆ ಮತ್ತು ವಿದ್ಯೆ, ಕೊನೆಗೆ ಅವನ ಸ್ವಂತ ದುಡಿಮೆ. ಮೂರರಲ್ಲೂ ಜನ ಬೇರೆ ಬೇರೆಯೇ. ಆದರೆ ಸಮ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅವರನ್ನು ಬೇರೆ ಬೇರೆಯಾಗಿ ನಡೆಸಿಕೊಳ್ಳಬೇಕಾ ಅಂತ ಕೇಳುತ್ತಾರೆ. ದುಡಿಮೆಯ ವಿಷಯದಲ್ಲಿ ಬೇಕಾದರೆ ವ್ಯತ್ಯಾಸ ಮಾಡಿ, ಹೆಚ್ಚು ಶ್ರಮ ಪಟ್ಟವನಿಗೆ ಹೆಚ್ಚು ಕೊಡಿ. ಮೊದಲಿನ ಎರಡರಲ್ಲೂ ಹಾಗೇ ಮಾಡಿದರೆ ಏನಾಗುತ್ತದೆ? ಒಳ್ಳೆಯ ಮನೆತನ, ಓದು, ಆಸ್ತಿ, ವ್ಯಾಪಾರದ ಸಂಬಂಧ ಯಾರಿಗೆ ಇದೆಯೋ ಅವರೇ ಓಟದಲ್ಲಿ ಗೆಲ್ಲುತ್ತಾರೆ. ಅದು ಸಮರ್ಥರ ಆಯ್ಕೆ ಅಲ್ಲವೇ ಅಲ್ಲ, ಅನುಕೂಲಸ್ಥರ ಆಯ್ಕೆ ಅಂತ ಅವರ ವಾದ. ನಿಜವಾದ ಯೋಗ್ಯತೆ ಯಾರದ್ದು ಅಂತ ಗೊತ್ತಾಗಬೇಕಾದರೂ ಮೊದಲು ಎಲ್ಲರನ್ನೂ ಒಂದೇ ಸಮ ನಡೆಸಿಕೊಳ್ಳಬೇಕು. ಮೆರಿಟ್ ಮೆರಿಟ್ ಅನ್ನುವವರಿಗೆ ಇದನ್ನು ಓದಿಸು. ಸಮಾನತೆ ಬರೀ ಕಲ್ಪನೆಯೇ ಇರಬಹುದು, ಆದರೂ ಅದನ್ನೇ ಆಡಳಿತದ ಸೂತ್ರ ಅಂತ ಒಪ್ಪಬೇಕು ಅಂತಲೂ ಅಲ್ಲೇ ಬರೆದಿದ್ದಾರೆ. ಇಷ್ಟು ಧೈರ್ಯವಾಗಿ ಎದುರಾಳಿಯ ಮಾತನ್ನು ಒಪ್ಪಿ ಮುಂದೆ ಹೋಗುವವರು ಕಡಿಮೆ.

ಬೆರಳಿನ ಕಥೆ ಇಲ್ಲಿಗೆ ಮುಗಿಯಿತು. ಆದರೆ ನನ್ನ ತಲೆಯಲ್ಲಿ ಇರುವುದು ಅವರದ್ದೇ ಇನ್ನೊಂದು ಮಾತು. ನಮ್ಮ ದೇಶದ ಅಸಮಾನತೆ ಬರೀ ಮೇಲು-ಕೀಳು ಅನ್ನುವ ಎರಡು ತುಂಡು ಅಲ್ಲ ಅಂತಾರೆ ಅಂಬೇಡ್ಕರ್. ಅದು ಶ್ರೇಣಿ. ಮೇಲೆ ಹೋದ ಹಾಗೆ ಗೌರವ ಜಾಸ್ತಿ, ಕೆಳಗೆ ಬಂದ ಹಾಗೆ ತಾತ್ಸಾರ ಜಾಸ್ತಿ. ಕಟ್ಟಕಡೆಯವನನ್ನು ಬಿಟ್ಟರೆ ಪ್ರತಿಯೊಬ್ಬನಿಗೂ ತನಗಿಂತ ಕೆಳಗೆ ಒಬ್ಬ ಇರುತ್ತಾನೆ. ಹಾಗಾಗಿ ಎಲ್ಲರಿಗೂ ಈ ವ್ಯವಸ್ಥೆಯಿಂದ ಕಷ್ಟವೂ ಇದೆ, ಸ್ವಲ್ಪ ಲಾಭವೂ ಇದೆ. ಮೇಲಿನವನ ಮೇಲೆ ಸಿಟ್ಟು, ಕೆಳಗಿನವನ ಮೇಲೆ ಹಿಡಿತ. ಸಮಾನತೆ ಬೇಕು ಅನ್ನುವವರು ಊರು ತುಂಬಾ ಇದ್ದಾರೆ ಪುಟ್ಟಿ. ಮೇಲಿನವರ ಸಮಕ್ಕೆ ಏರಬೇಕು ಅಂತ ಎಲ್ಲರಿಗೂ ಆಸೆ. ಕೆಳಗಿನವರು ತಮ್ಮ ಸಮಕ್ಕೆ ಬಂದು ಕೂತಾಗ ಮಾತ್ರ ಮುಖ ಬೇರೆ ಆಗುತ್ತದೆ. ನಾನು ಯಾವ ಬರಹಗಾರನನ್ನೇ ಓದಲಿ, ಯಾವ ಹೋರಾಟವನ್ನೇ ನೋಡಲಿ, ಇದೊಂದನ್ನು ಹುಡುಕುತ್ತೇನೆ: ಇವರ ಸಮಾನತೆ ಯಾವ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ? ರೂಸೋನದ್ದು ಹೆಂಗಸರ ಹತ್ತಿರ ನಿಂತಿತು.

ಬಸವಣ್ಣ ಇಲ್ಲಿ ಬೇರೆ ಥರ ಕಾಣುತ್ತಾರೆ. 'ಇವ ನಮ್ಮವ' ಅನ್ನುವ ವಚನ ಎಲ್ಲರ ಬಾಯಲ್ಲೂ ಇದೆ, ಮದುವೆ ಮನೆಯ ಬ್ಯಾನರಿನಲ್ಲೂ ಇದೆ. ನನ್ನನ್ನು ಅಲುಗಾಡಿಸುವುದು ಇನ್ನೊಂದು ವಚನ. ಮಾದಾರ ಚೆನ್ನಯ್ಯನ ಮನೆಯ ದಾಸನ ಮಗ, ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳು, ಇವರಿಬ್ಬರೂ ಬೆರಣಿ ಆರಿಸಲು ಹೋದಾಗ ಕೂಡಿ ಹುಟ್ಟಿದ ಮಗ ನಾನು ಅನ್ನುತ್ತಾರೆ. ಯಾರು ಹೇಳುತ್ತಿರುವುದು ನೋಡು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು, 12ನೇ ಶತಮಾನದಲ್ಲಿ. "ನೀವೂ ನಮ್ಮ ಸಮ ಬನ್ನಿ" ಅಂತ ಮೇಲಿನಿಂದ ಕೈ ಚಾಚುವುದು ಸುಲಭ, ಅದರಲ್ಲಿ ದೊಡ್ಡಸ್ತಿಕೆ ಹಾಗೇ ಉಳಿಯುತ್ತದೆ. ಇವರು ತಮ್ಮ ಹುಟ್ಟನ್ನೇ ಕೆಳಗೆ ತೆಗೆದುಕೊಂಡು ಹೋಗಿ ಇಟ್ಟರು, ಅದೂ ಚೆನ್ನಯ್ಯನ ಮಗ ಅಂತ ಕೂಡ ಅಲ್ಲ, ಚೆನ್ನಯ್ಯನ ಮನೆಯ ದಾಸನ ಮಗ ಅಂತ. ಮಾತು ಮಾತಿನಲ್ಲಿ ಇರುವಷ್ಟು ದಿನ ಕಲ್ಯಾಣ ಸಹಿಸಿಕೊಂಡಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದಾಗ ಸಹಿಸಲಿಲ್ಲ. ಸಮಾನತೆ ಮದುವೆಯ ಹತ್ತಿರ ಬಂದು ನಿಲ್ಲುವುದು ಅಂದಿಗೂ ಅದೇ, ಇಂದಿಗೂ ಅದೇ.

ಕನಕದಾಸರ 'ರಾಮಧಾನ್ಯ ಚರಿತೆ' ನಿನಗೆ ಶಾಲೆಯಲ್ಲಿ ಒಂದು ತುಣುಕು ಬಂದಿತ್ತೋ ಏನೋ. ಈಗ ಪೂರ್ತಿ ಓದು, ಮಜಾ ಇದೆ. ರಾಮ ಲಂಕೆಯಿಂದ ಹಿಂತಿರುಗುವಾಗ ಋಷಿಗಳ ಆಶ್ರಮದಲ್ಲಿ ಧಾನ್ಯಗಳಲ್ಲಿ ಯಾವುದು ದೊಡ್ಡದು ಅಂತ ಮಾತು ಬರುತ್ತದೆ. ಭತ್ತಕ್ಕೂ ರಾಗಿಗೂ ಜಗಳ. ಕನಕದಾಸರು ರಾಗಿಯನ್ನು ನರೆದಲೆಗ ಅನ್ನುತ್ತಾರೆ, ತಲೆ ನರೆತ ಹಾಗೆ ಕಾಣುವ ತೆನೆಗೆ ಎಂಥ ಹೆಸರು! ಭತ್ತ ರಾಗಿಯನ್ನು ಕೀಳು ಜನರ ಊಟ ಅಂತ ಹಂಗಿಸುತ್ತದೆ. ರಾಗಿ ಸುಮ್ನೆ ಇರುವುದಿಲ್ಲ. ನೀನು ಉಳ್ಳವರ ಬೆನ್ನು ಹಿಡಿದವನು, ಮಳೆ ಹೋಗಿ ಕ್ಷಾಮ ಬಂದಾಗ ಲೋಕ ಸಾಕುವವನು ನಾನು ಅಂತ ತಿರುಗಿ ಬೀಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ತೆಗೆದು ನೋಡಿದರೆ ಭತ್ತ ಕೆಟ್ಟಿದೆ, ರಾಗಿ ಹಾಗೇ ಇದೆ.

ಎಲ್ಲರೂ ರಾಗಿ ಗೆದ್ದಿತು ಅಂತ ಖುಷಿ ಪಡುತ್ತಾರೆ. ನನಗೆ ಇಷ್ಟ ಆಗುವುದು ಪರೀಕ್ಷೆಯನ್ನೇ ಬದಲಿಸಿದ ರೀತಿ. ಬಣ್ಣ, ರುಚಿ, ಯಾರ ಎಲೆಯ ಮೇಲೆ ಬಡಿಸುತ್ತಾರೆ ಅನ್ನುವ ಲೆಕ್ಕ ಇಟ್ಟಿದ್ದರೆ ಭತ್ತವೇ ಗೆಲ್ಲುತ್ತಿತ್ತು, ಆ ಲೆಕ್ಕ ಮಾಡಿದವರು ಅನ್ನ ತಿನ್ನುವವರೇ ಅಲ್ವಾ. ಕತ್ತಲೆ ಕೋಣೆಯಲ್ಲಿ ಆರು ತಿಂಗಳು ಕೆಡದೆ ಇರುವುದೂ ಒಂದು ಗುಣ ಅಂತ ಯಾರೂ ಅಳೆದಿರಲಿಲ್ಲ. ಒಬ್ಬರ ಯೋಗ್ಯತೆ ಎಷ್ಟು ಅಂತ ಕೇಳುವ ಮೊದಲು, ಯಾರ ಅಳತೆಯಲ್ಲಿ ಅಂತ ಕೇಳಬೇಕು.

ಅಳತೆ ಅಂದಾಗ ನಮ್ಮ ಸಾಗರದ ಕಡೆಯವರಿಗೆ ಕಾಗೋಡು ನೆನಪಾಗದೆ ಇರುತ್ತದೆಯೇ. 1951ರ ಕಾಗೋಡು ಸತ್ಯಾಗ್ರಹದ ಹಿಂದೆ ಇದ್ದ ದೊಡ್ಡ ತಕರಾರು ಒಂದು ಕೊಳಗದ್ದು. ಭತ್ತ ಅಳೆಯುವ ಕೊಳಗ, ಅಷ್ಟೇ. ಗೇಣಿ ಅಳೆದುಕೊಳ್ಳುವಾಗ ಒಡೆಯರು ಇಡುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ಎಷ್ಟು ಕೊಳಗ ಗೇಣಿ ಅನ್ನುವ ಮಾತು ಎರಡೂ ಕಡೆಯವರಿಗೆ ಒಂದೇ, ಮನೆಯಿಂದ ಹೋಗುವ ಭತ್ತ ಮಾತ್ರ ಜಾಸ್ತಿ. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದರು, ಬಂಧನವೂ ಆಯಿತು. ಅಸಮಾನತೆಯ ಬಗ್ಗೆ ಪುಸ್ತಕ ಓದದ ಜನ ಅದರ ಗಂಟು ಎಲ್ಲಿದೆ ಅಂತ ಸರಿಯಾಗಿ ಹಿಡಿದಿದ್ದರು.

ಲೋಹಿಯಾಗೂ ಅಳತೆಯ ಹುಚ್ಚು. 1963ರಲ್ಲಿ ಲೋಕಸಭೆಗೆ ಹೋದ ಹೊಸದರಲ್ಲೇ ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಅಂದರು. ಸರ್ಕಾರ ಇಲ್ಲ, ಹದಿನೈದಾಣೆ ಅಂದಿತು. ಪತ್ರಿಕೆಗಳ ತುಂಬಾ ಮೂರಾಣೆ-ಹದಿನೈದಾಣೆಯ ಜಗಳವೇ. ಸರಾಸರಿ ಅನ್ನುವುದು ಶ್ರೀಮಂತನ ದುಡ್ಡನ್ನು ಬಡವನ ಹೆಸರಿನಲ್ಲಿ ಬರೆಯುವ ವಿದ್ಯೆ ಅಂತ ನಾನು ಮಕ್ಕಳಿಗೆ ಹೇಳುವುದು ಇದನ್ನು ಓದಿದ ಮೇಲೆಯೇ. ಲೆಕ್ಕದ ಮೇಷ್ಟ್ರಿಗೆ ಇದು ಹಿಡಿಸುವುದಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಿನ್ನ ಅಜ್ಜ ಗೇಣಿ ಒಕ್ಕಲು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ, ಅಲ್ಲಿಂದ ಗೇಣಿದಾರನ ಹೆಸರಿಗೆ. ಅಜ್ಜ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಗೆ ಓಡಾಡಿ, ಕೊನೆಗೆ ಗದ್ದೆ ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಾನು ಓದಿದ್ದು, ಕೆಲಸ ಹಿಡಿದದ್ದು, ನೀನು ಈಗ ಹಾಸ್ಟೆಲಿನಲ್ಲಿ ಇರುವುದು, ಎಲ್ಲದರ ಬುಡದಲ್ಲಿ ಆ ಗದ್ದೆ ಇದೆ. ಅರಸರ ಫೋಟೋ ನಮ್ಮ ಜಗಲಿಯಲ್ಲಿ ದೇವರ ಫೋಟೋದ ಪಕ್ಕ ಇರುವುದು ಸುಮ್ನೆ ಅಲ್ಲ.

ಆದರೆ ಅದೇ ಗದ್ದೆಗೆ ಕೂಲಿಗೆ ಬರುತ್ತಿದ್ದವರಿಗೆ ಏನು ಸಿಕ್ಕಿತು? ಏನೂ ಇಲ್ಲ. ಅವರು ಗೇಣಿದಾರರಲ್ಲ, ಕೂಲಿಯಾಳುಗಳು. 'ಉಳುವವನೇ ಹೊಲದೊಡೆಯ' ಅಂದಾಗ ಕಾನೂನಿನ ಕಣ್ಣಿಗೆ ಬಿದ್ದದ್ದು ಗೇಣಿ ಕೊಟ್ಟವನು, ನೇಗಿಲಿನ ಹಿಂದೆ ನಡೆದವನಲ್ಲ. ನಮ್ಮ ಮನೆಗೆ ಬರುತ್ತಿದ್ದ ಆಳುಗಳು ಹೆಚ್ಚಿನವರು ದಲಿತರು. ಒಡೆಯರ ಮನೆಯಲ್ಲಿ ತನ್ನನ್ನು ಅಂಗಳದಲ್ಲಿ ನಿಲ್ಲಿಸುತ್ತಿದ್ದರು ಅಂತ ಅಜ್ಜ ಕೊನೆಯವರೆಗೂ ಹೇಳಿಕೊಂಡು ಕುದಿಯುತ್ತಿದ್ದರು. ಅದೇ ಅಜ್ಜನ ಮನೆಯಲ್ಲಿ ಆಳುಗಳಿಗೆ ಕಾಫಿ ಕೊಡುವ ಲೋಟ ಬೇರೆ, ಸೂರಿನ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಿತ್ತು. ಕೆಟ್ಟ ಮನುಷ್ಯ ಅಂತ ಹೇಳುತ್ತಿಲ್ಲ, ನಿನಗೂ ಗೊತ್ತು ಎಂಥ ಕರುಳಿನವರು ಅಂತ. ಶ್ರೇಣಿ ಅಂದರೆ ಹೀಗೆ, ಒಳ್ಳೆಯವರ ಕೈಯಲ್ಲೂ ಲೋಟ ಬೇರೆ ಇಡಿಸುತ್ತದೆ. ಆ ಎಪ್ಪತ್ತರ ದಶಕದಲ್ಲೇ ದಲಿತ ಸಂಘರ್ಷ ಸಮಿತಿ ಎದ್ದಿತು, ಕವಿ ಸಿದ್ದಲಿಂಗಯ್ಯನವರು ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು ಅಂತ ಹಾಡಿನಲ್ಲಿ ಕೇಳಿದರು. ಎಪ್ಪತ್ತನಾಲ್ಕರ ಭೂಮಿ ಯಾರಿಗೆ ಬಂತು ಅಂತಲೂ ಕೇಳಬಹುದಿತ್ತು.

ಇನ್ನು ಹೆಣ್ಣುಮಕ್ಕಳು. ಮೈಸೂರಿನ ಚಿಕ್ಕದೇವರಾಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಪುಸ್ತಕದ ತುಂಬಾ ಗಂಡನಿಗೆ ಹೇಗೆ ನಡೆದುಕೊಳ್ಳಬೇಕು ಅನ್ನುವುದೇ. ಓದುತ್ತಾ ಹೋದರೆ ನಿನಗೆ ಸಿಟ್ಟು ಬರುತ್ತದೆ, ನನಗೂ ಬಂತು. ಅದರ ನಡುವೆ ಒಂದು ಕಡೆ ತಟ್ಟನೆ, ನಿಮ್ಮನ್ನೆಲ್ಲ ಹೆತ್ತವಳು ಹೆಣ್ಣಲ್ಲವೇ, ಸಾಕಿದವಳು ಹೆಣ್ಣಲ್ಲವೇ, ಮತ್ತೆ ಹೆಣ್ಣು ಹೆಣ್ಣು ಅಂತ ಯಾಕೆ ಹಳಿಯುತ್ತೀರಿ ಕಣ್ಣು ಕಾಣದ ಗಾವಿಲರೇ ಅಂತ ಬೈದುಬಿಡುತ್ತಾಳೆ. 'ಗಾವಿಲರು' ಅಂದರೆ ದಡ್ಡರು. ಅರಮನೆಯ ಊಟ ಉಂಡುಕೊಂಡು ಅಷ್ಟು ಹೇಳಿದ್ದೇ ದೊಡ್ಡದು.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1929ರ ತನ್ನ ಪುಸ್ತಕದಲ್ಲಿ ಇನ್ನೂ ನೇರವಾಗಿ ದುಡ್ಡಿನ ಮಾತಿಗೆ ಬರುತ್ತಾಳೆ. ಅಲ್ಲಿ ಕಥೆ ಹೇಳುವ ಹೆಂಗಸಿಗೆ ಬೊಂಬಾಯಿಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ ಬಂಧುವೊಬ್ಬಳಿಂದ ವರ್ಷಕ್ಕೆ 500 ಪೌಂಡ್ ಬರುವ ಹಾಗಾಗುತ್ತದೆ. ಹೆಂಗಸರಿಗೆ ಓಟಿನ ಹಕ್ಕು ಸಿಕ್ಕಿದ್ದೂ ಅದೇ ಹೊತ್ತಿಗೆ. ಎರಡರಲ್ಲಿ ದುಡ್ಡೇ ಎಷ್ಟೋ ಪಾಲು ಮುಖ್ಯ ಅನ್ನಿಸಿತು ಅಂತ ಅವಳು ಮುಚ್ಚುಮರೆ ಇಲ್ಲದೆ ಹೇಳುತ್ತಾಳೆ. ಕೈಯಲ್ಲಿ ಸಂಬಳದ ಪಾಸ್‌ಬುಕ್ ಇರುವ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹೇಳಿದ್ದೂ ಇದರ ಹತ್ತಿರದ್ದೇ. ಬರುವ ಜನವರಿ 26ರಿಂದ ನಾವು ವಿರೋಧಾಭಾಸದ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಅಂತ. ಓಟು ಒಂದೇ ಬೆಲೆಯದ್ದು, ಮನುಷ್ಯ ಮಾತ್ರ ಬೇರೆ ಬೇರೆ ಬೆಲೆ.

ನೀನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬಗ್ಗೆಯೂ ಕೇಳಿದ್ದೆ. ಅವರ ಪ್ರಶ್ನೆ ಚಿಕ್ಕದು. ಸಮಾನತೆ ಸರಿ, ಯಾವುದರಲ್ಲಿ ಸಮಾನತೆ? ಕೈಗೆ ಕೊಟ್ಟದ್ದರಲ್ಲೋ, ಅದರಿಂದ ಮಾಡಲು ಆಗುವುದರಲ್ಲೋ? ನಮ್ಮ ಕಡೆ ನೋಡಿದರೆ ತಕ್ಷಣ ಅರ್ಥ ಆಗುತ್ತದೆ. 2023ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಎಲ್ಲ ಹೆಂಗಸರಿಗೂ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಬಯಲುಸೀಮೆಯ ನಿನ್ನ ಇನ್ನೊಬ್ಬ ಗೆಳತಿ ಅದರಲ್ಲೇ ದಿನಾ ಕಾಲೇಜಿಗೆ ಬರುತ್ತಾಳೆ. ನಮ್ಮ ಮಲೆನಾಡಿನ ಎಷ್ಟೋ ಹಳ್ಳಿಗೆ ಬರುವುದು ಖಾಸಗಿ ಬಸ್ಸು ಮಾತ್ರ, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಹಕ್ಕು ಇಬ್ಬರಿಗೂ ಒಂದೇ, ಹೋಗಿಬರುವ ಶಕ್ತಿ ಒಂದೇ ಅಲ್ಲ. ಯೋಜನೆ ಬೇಡ ಅಂತ ಅಲ್ಲ, ಮತ್ತೆ ಯಾರಾದರೂ ಹಾಗೆ ತಿರುಚಿಯಾರು. ನಮಗೂ ಸರ್ಕಾರಿ ಬಸ್ಸು ಬಿಡಿ ಅನ್ನಬೇಕು, ಅಷ್ಟೇ.

ಕೊನೆಯದಾಗಿ ಗದ್ದೆಯ ವಿಷಯ, ನೀನೇ ಕೇಳಿದ್ದರಿಂದ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನಮ್ಮ ರಾಜ್ಯದಲ್ಲಿ 1994ರಲ್ಲೇ ಕಾನೂನು ಬಂತು, ದೇಶಕ್ಕೆಲ್ಲ 2005ರಲ್ಲಿ. ಕಾನೂನಿನ ಜೊತೆಗೇ ಹಕ್ಕು ಬಿಡುಗಡೆ ಪತ್ರವೂ ಊರೂರಿಗೆ ಬಂತು. ಅಕ್ಕ ತಂಗಿಯರು ಅರಿಶಿನ ಕುಂಕುಮಕ್ಕೆ ಬಂದಾಗ ಸಹಿ ಹಾಕಿಸಿಕೊಂಡು, ಸೀರೆ ಕೊಟ್ಟು ಕಳಿಸುವುದು. ನಿನ್ನ ದೊಡ್ಡ ಮಾವನೂ ತಂದಿದ್ದ. ನಾನು ಸಹಿ ಹಾಕಲಿಲ್ಲ. ಒಡೆಯರಿಂದ ಭೂಮಿ ಬಿಡಿಸಿಕೊಂಡ ಕಥೆಯನ್ನು ಹೆಮ್ಮೆಯಿಂದ ಹೇಳುವವರು ತಂಗಿಯ ಪಾಲು ಅಂದರೆ ಯಾಕೆ ಒಡೆಯರ ಹಾಗೆ ಮಾತಾಡುತ್ತೀರಿ ಅಂತ ಕೇಳಿದೆ. ಒಂದಷ್ಟು ದಿನ ಮಾತಿಲ್ಲ ಕಥೆಯಿಲ್ಲ. ಈಗ ಒಪ್ಪಿದ್ದಾನೆ, ಮುಖ ಊದಿಸಿಕೊಂಡೇ. ಪಾಲಿನ ನಕ್ಷೆಗೆ ಅರ್ಜಿ ಹಾಕಿದ್ದೇವೆ, ಸರ್ವೆಯರ್ ಬರಬೇಕು.

ಪಾಲು ಬಂದ ಮೇಲೆ ನಟ್ಟಿಗೆ ಆಳು ಕರೆಯುವವಳು ನಾನೇ ಆಗುತ್ತೇನೆ. ಸಮಾನ ವೇತನದ ಕಾನೂನು 1976ರಲ್ಲೇ ಬಂತು, ನಮ್ಮೂರಲ್ಲಿ ಇನ್ನೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಬಗ್ಗಿ ಸಸಿ ನೆಡುವವರು ಮಾತ್ರ ಹೆಂಗಸರೇ. ಇಬ್ಬರಿಗೂ ಒಂದೇ ಕೂಲಿ ಕೊಡುತ್ತೇನೆ ಅಂತ ಮೊನ್ನೆ ಮಾತಿಗೆ ಅಂದೆ. ಅದಕ್ಕೆ ದೊಡ್ಡ ಮಾವ, "ನೀನು ಊರಿನ ರೇಟು ಕೆಡಿಸಬೇಡ" ಅಂದ. ಅವನ ಲೆಕ್ಕವನ್ನೂ ಕೇಳಿದೆ. ಭತ್ತದ ಬೆಲೆ, ಗೊಬ್ಬರದ ಬೆಲೆ, ಉಳಿಯುವುದು ಎಷ್ಟು ಅಂತ ಚೀಟಿಯಲ್ಲಿ ಬರೆದು ತೋರಿಸಿದ. ಪೂರ್ತಿ ಸುಳ್ಳೇನಲ್ಲ ಅವನು ಹೇಳುವುದು. ಆ ಚೀಟಿಯ ಫೋಟೋ ಕಳಿಸುತ್ತೇನೆ, ನೀನು ಎಕನಾಮಿಕ್ಸ್ ಓದುತ್ತಿರುವವಳು, ಸಂಬಳದಿಂದ ತುಂಬದೆ ಗದ್ದೆಯಿಂದಲೇ ಸಮ ಕೂಲಿ ಕೊಡುವುದು ಹೇಗೆ ಅಂತ ಕೂತು ಲೆಕ್ಕ ಹಾಕಿ ಹೇಳು. ನಟ್ಟಿಗೆ ಮುಂಚೆ ಬೇಕು.

ನಿನ್ನ
ಅಮ್ಮ